ಆಲೆಮನೆ ಪೈಪ್‌ನಲ್ಲಿ ಬ್ರಿಕ್ಸ್ ಸೆನ್ಸರ್: ಮಧ್ಯಾಹ್ನ ಏರುತ್ತೆ, ಪಂಪ್ ಹಾಕಿದ್ರೆ ಇಳಿಯುತ್ತೆ. ತಾಪ, ಒತ್ತಡ ಸರಿದೂಗಿಸೋದು ಹೇಗೆ?

ಗಾಣದ_ಹಾಲು
ಎಲ್ಲರಿಗೂ ನಮಸ್ಕಾರ. ಚನ್ನರಾಯಪಟ್ಟಣ ಕಡೆಯ ಆಲೆಮನೆಯೊಂದಕ್ಕೆ ಗಾಣದಿಂದ ಕೊಪ್ಪರಿಗೆಗೆ ಹೋಗೋ ಪೈಪ್‌ನಲ್ಲೇ ಕಬ್ಬಿನ ಹಾಲಿನ ಬ್ರಿಕ್ಸ್ (100 ಗ್ರಾಂನಲ್ಲಿ ಎಷ್ಟು ಗ್ರಾಂ ಸಕ್ಕರೆ ಅನ್ನೋ ಅಂಕಿ) ತೋರಿಸೋ ಸೆನ್ಸರ್ ಮಾಡಿದ್ದೀವಿ. 10 ಮಿ.ಮೀ. ಸಫೈರ್ ಪ್ರಿಸಂ, 589 ನ್ಯಾನೋಮೀಟರ್ ಹಳದಿ ಎಲ್‌ಇಡಿ, ಬೆಳಕು ಓದೋಕೆ ಸಾಲಾಗಿ ಪಿಕ್ಸೆಲ್ ಇರೋ ಲೀನಿಯರ್ ಸಿಸಿಡಿ, ಲೆಕ್ಕಕ್ಕೆ ಇಎಸ್‌ಪಿ32. ಬೆಳಕು ದ್ರವದೊಳಗೆ ಹೋಗದೆ ಪೂರ್ತಿ ವಾಪಸ್ ಬರೋಕೆ ಶುರುವಾಗೋ ಕೋನದ (ಕ್ರಿಟಿಕಲ್ ಆಂಗಲ್) ಬೆಳಕು–ನೆರಳಿನ ಅಂಚು ಯಾವ ಪಿಕ್ಸೆಲ್‌ನಲ್ಲಿದೆ ಅಂತ ನೋಡಿ ಬ್ರಿಕ್ಸ್‌ಗೆ ತಿರುಗಿಸ್ತೀವಿ. ತಾಪಕ್ಕೆ ಡಿಎಸ್18ಬಿ20 ಇದೆ, ಪೈಪ್ ಮೇಲೆ ಕಟ್ಟಿದೆ. ಅದರ ರೀಡಿಂಗ್ ತಗೊಂಡು 20 ಡಿಗ್ರಿಗೆ ತಿದ್ದುಪಡಿ ಹಾಕ್ತೀವಿ.

ತೊಂದರೆ ಎರಡು. ಬೆಳಿಗ್ಗೆ ತಂಪಿನಲ್ಲಿ ಹನಿ ಹಾಕಿ ಬ್ರಿಕ್ಸ್ ನೋಡೋ ಕೈ ರಿಫ್ರಾಕ್ಟೋಮೀಟರಿಗೂ ನಮ್ಮದಕ್ಕೂ ಸರಿಯಾಗಿ ತಾಳೆ ಆಗುತ್ತೆ. ಮಧ್ಯಾಹ್ನ ಕೈ ಮೀಟರ್ 18.3 ಅಂದ್ರೆ ನಮ್ಮದು 18.9 ಅನ್ನುತ್ತೆ. ಎರಡನೇದು, ಪಂಪ್ ಹಾಕಿ ಲೈನ್ 2.5 ಬಾರ್‌ಗೆ ಏರಿದ ಕೂಡಲೇ ರೀಡಿಂಗ್ 0.4 ಇಳಿಯುತ್ತೆ, ಪಂಪ್ ನಿಲ್ಲಿಸಿದ್ರೆ ಮೆಲ್ಲಗೆ ವಾಪಸ್ ಬರುತ್ತೆ. ಒತ್ತಡಕ್ಕೂ ಒಂದು ತಿದ್ದುಪಡಿ ಸೂತ್ರ ಬೇಕಾ? ಯಾವ ಗುಣಾಂಕ ಹಾಕ್ಬೇಕು?

ತಾಪಮಾಪಿ
ಡಿಎಸ್18ಬಿ20 ಪೈಪ್‌ನ ಹೊರಗೆ ಕಟ್ಟಿದ್ದೀರಿ ಅಂದ್ರಲ್ಲ, ಮೊದಲನೇ ತೊಂದರೆ ಬಹುಶಃ ಅಲ್ಲೇ ಇದೆ. ತಗಡಿನ ಮಾಡು, ಪಕ್ಕದಲ್ಲೇ ಒಲೆ. ಹಾಲು 32 ಇರುತ್ತೆ, ಪೈಪ್‌ನ ಹೊರಮೈ 40 ತೋರಿಸುತ್ತೆ. ತಾಪ ಏರಿದಂತೆ ರೀಡಿಂಗ್ ಇಳಿಯುತ್ತೆ, ಅದನ್ನ ಸರಿದೂಗಿಸೋಕೆ ಡಿಗ್ರಿಗೆ ಸುಮಾರು 0.077 ಬ್ರಿಕ್ಸ್ ಸೇರಿಸ್ಬೇಕು. 8 ಡಿಗ್ರಿ ಹೆಚ್ಚಿಗೆ ತಿಳ್ಕೊಂಡ್ರೆ 8 × 0.077, ಅಂದ್ರೆ 0.6 ಬ್ರಿಕ್ಸ್ ಹೆಚ್ಚಿಗೆ ಸೇರಿಸಿಬಿಡ್ತೀರಿ. ನಿಮ್ಮ ಅಂಕಿ ಅದೇ ಅಲ್ವಾ?

ಪ್ರಿಸಂ_ಪಾಠ
@ತಾಪಮಾಪಿ ಹೇಳಿದ್ದು ಸರಿ, ಆದ್ರೆ ಇನ್ನೊಂದು ಕಡೆಯೂ ನೋಡಿ. ಕೈ ರಿಫ್ರಾಕ್ಟೋಮೀಟರ್ ಎಟಿಸಿ (ತಾಪವನ್ನ ತಾನೇ ತಿದ್ದಿಕೊಳ್ಳೋ) ಮಾದರಿನಾ? ಹಾಗಿದ್ರೆ ಅದರ ಒಳಗೆ ಬೈಮೆಟಲ್ ಪಟ್ಟಿ ಒಂದಿರುತ್ತೆ. ತಾಪ ಏರಿದಂತೆ ಅದು ಬಾಗಿ ಒಳಗಿನ ಆಪ್ಟಿಕ್ಸ್‌ ಅನ್ನು ಸ್ವಲ್ಪ ಸರಿಸುತ್ತೆ. ಸಾಮಾನ್ಯವಾಗಿ 10ರಿಂದ 30 ಡಿಗ್ರಿವರೆಗೆ ಮಾತ್ರ ಅದರ ಭರವಸೆ. ಮಧ್ಯಾಹ್ನ ಮೀಟರೇ 34ಕ್ಕೆ ಕಾದಿದ್ರೆ ಹೋಲಿಸೋಕೆ ಇಟ್ಕೊಂಡ ಮೀಟರೂ ನಂಬಿಕೆಗೆ ಬರಲ್ಲ. ಪಟ್ಟಿ ಕಾಯೋದು ಮೀಟರ್‌ನ ಮೈಯಿಂದ, ಮೇಲಿಟ್ಟ ಹನಿಯಿಂದ ಅಲ್ಲ. ಜೇಬಲ್ಲಿಟ್ಕೊಂಡು ಓಡಾಡಿ ತಕ್ಷಣ ನೋಡಿದ್ರೆ ಹನಿ ಒಂದು ತಾಪದಲ್ಲಿ, ಪಟ್ಟಿ ಇನ್ನೊಂದರಲ್ಲಿ ಇರುತ್ತೆ.

ಹೋಲಿಕೆಗೆ ಹೀಗೆ ಮಾಡಿ: ಹಾಲನ್ನು ಸಣ್ಣ ಬಾಟಲಿಗೆ ತುಂಬಿ ಮುಚ್ಚಳ ಬಿಗಿ ಮಾಡಿ, ನೀರಿನ ಬಕೆಟ್‌ನಲ್ಲಿ ಮೀಟರ್‌ನ ತಾಪಕ್ಕೇ ತನ್ನಿ. ಮೊದಲು ಅದೇ ತಾಪದ ಡಿಸ್ಟಿಲ್ಡ್ ನೀರಿಗೆ ಸೊನ್ನೆ ಮಾಡ್ಕೊಳ್ಳಿ, ಆಮೇಲೆ ಹಾಲು ನೋಡಿ. ಹನಿ ಹಾಕಿ ಮುಚ್ಚಳ ಹಾಕಿದ ಮೇಲೆ ಅರ್ಧ ನಿಮಿಷ ಕಾಯಿರಿ.

ಕಬ್ಬಿನ ಹಾಲನ್ನ ಮಧ್ಯಾಹ್ನದವರೆಗೆ ಇಟ್ಟು ಹೋಲಿಸ್ಬೇಡಿ. ಅದು ಹುಳಿಯೋಕೆ ಶುರುವಾಗಿರುತ್ತೆ, ಬ್ರಿಕ್ಸೇ ಬದಲಾಗಿರುತ್ತೆ.

ಓರಿಂಗ್_ಹಾಸನ
ಎರಡನೇದಕ್ಕೆ ಒತ್ತಡದ ಸೂತ್ರ ಹುಡುಕೋಕೆ ಹೋಗ್ಬೇಡಿ ಗೌಡ್ರೇ. ನೀರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನ ಎಷ್ಟು ಬಗ್ಗಿಸುತ್ತೆ ಅನ್ನೋ ಅಂಕಿ, ಬ್ರಿಕ್ಸ್ ಲೆಕ್ಕ ಹಾಕೋದು ಇದರಿಂದಲೇ) 1 ಬಾರ್‌ಗೆ ಸುಮಾರು 0.000015 ಬದಲಾಗುತ್ತೆ. ಬ್ರಿಕ್ಸ್ ಲೆಕ್ಕದಲ್ಲಿ 0.01. ನಿಮ್ಮ 2.5 ಬಾರ್‌ಗೆ 0.03ನ್ನೂ ಮುಟ್ಟಲ್ಲ. ಅದೂ *ಏರ್ಬೇಕು*, ಯಾಕಂದ್ರೆ ಒತ್ತಿದ್ರೆ ದ್ರವ ಸಾಂದ್ರ ಆಗುತ್ತೆ, ಸೂಚ್ಯಂಕ ಹೆಚ್ಚುತ್ತೆ. ನಿಮ್ಮದು ಇಳೀತಿದೆ, ಅದೂ ಹತ್ತಾರು ಪಟ್ಟು. ದಿಕ್ಕೇ ಉಲ್ಟಾ ಇದ್ದ ಮೇಲೆ ಅದು ದ್ರವದ ಗುಣ ಅಲ್ಲ, ನಿಮ್ಮ ಪ್ರಿಸಂ ಅಲುಗಾಡ್ತಿದೆ.

ಲೆಕ್ಕ ಹಾಕಿ ನೋಡಿ. ಸಫೈರ್ ಸೂಚ್ಯಂಕ 1.768, 20 ಬ್ರಿಕ್ಸ್ ಸಕ್ಕರೆ ನೀರಿನದು 1.364. ಕ್ರಿಟಿಕಲ್ ಆಂಗಲ್ ಐವತ್ತೂವರೆ ಡಿಗ್ರಿ ಆಸುಪಾಸು. ಅಲ್ಲಿ 0.4 ಬ್ರಿಕ್ಸ್ ಅಂದ್ರೆ ಕೋನದಲ್ಲಿ ಸುಮಾರು 0.03 ಡಿಗ್ರಿ. 10 ಮಿ.ಮೀ. ಪ್ರಿಸಂನ ಒಂದು ಅಂಚು 5–6 ಮೈಕ್ರಾನ್ ಹಿಂದಕ್ಕೆ ಹೋದ್ರೆ ಸಾಕು. ಪ್ರಿಸಂನ ಬೆನ್ನಿಗೆ ರಬ್ಬರ್ ಓ-ರಿಂಗ್ ಕೊಟ್ಟಿದ್ರೆ 2.5 ಬಾರ್‌ಗೆ ಅಷ್ಟು ಒತ್ತಿಕೊಳ್ಳೋದು ಏನೂ ಅಲ್ಲ. "ಮೆಲ್ಲಗೆ ವಾಪಸ್ ಬರುತ್ತೆ" ಅಂದ್ರಲ್ಲ, ಅದು ರಬ್ಬರಿನ ಗುಣವೇ.

ಬೆಟ್ಟದ_ಗಾಳಿ
ಗುಳ್ಳೆ ಇರ್ಬಹುದಲ್ವಾ? ಪಂಪ್‌ನ ಸಕ್ಷನ್ ಕಡೆ ಗಾಳಿ ಎಳ್ಕೊಂಡ್ರೆ ನೊರೆ ಬರುತ್ತೆ, ರೀಡಿಂಗ್ ಇಳಿಯುತ್ತೆ.

ಓರಿಂಗ್_ಹಾಸನ
@ಬೆಟ್ಟದ_ಗಾಳಿ ಇರ್ಬಹುದು. ಆದ್ರೆ ಕ್ರಿಟಿಕಲ್ ಆಂಗಲ್ ಸೆನ್ಸರ್‌ನಲ್ಲಿ ಗುಳ್ಳೆ ಬಂದ್ರೆ ಅಂಚು ಜಾಗ ಬಿಡಲ್ಲ, ಮಸುಕಾಗುತ್ತೆ. ಅಂಚನ್ನ ಹುಡುಕೋ ಪ್ರೋಗ್ರಾಂ "ಅರ್ಧ ಬೆಳಕಿನ ಜಾಗ" ನೋಡ್ತಿದ್ರೆ ಮಾತ್ರ ಮೋಸ ಹೋಗುತ್ತೆ. ಇಳಿಜಾರು ಎಲ್ಲಿ ಅತಿ ಕಡಿದಾಗಿದೆ ಅಂತ ನೋಡ್ತಿದ್ರೆ ಅಷ್ಟು ಹೋಗಲ್ಲ.

ಗುಳ್ಳೆನಾ ಪ್ರಿಸಂನಾ ಅಂತ ಬೇರೆ ಮಾಡೋಕೆ ಒಂದು ಪರೀಕ್ಷೆ ಇದೆ:

ಸೆನ್ಸರ್ ಎರಡೂ ಕಡೆ ವಾಲ್ವ್ ಮುಚ್ಚಿ. ಕುದಿಸಿ ಆರಿಸಿದ ಡಿಸ್ಟಿಲ್ಡ್ ನೀರು ತುಂಬಿ, ಮೇಲಿನ ಕಿಂಡಿಯಿಂದ ಗಾಳಿ ಪೂರ್ತಿ ಬಿಡಿ. ಪೈಪ್ ಟೆಸ್ಟ್ ಮಾಡೋ ಕೈಪಂಪ್‌ನಿಂದ 0, 1, 2, 3 ಬಾರ್ ಏರಿಸಿ, ಒಂದೊಂದರಲ್ಲೂ ಎರಡು ನಿಮಿಷ ನಿಲ್ಲಿಸಿ, ಹಾಗೇ ಇಳಿಸ್ತಾ ಬನ್ನಿ. ಹರಿವಿಲ್ಲ, ಗುಳ್ಳೆಯಿಲ್ಲ, ತಾಪ ಬದಲಾವಣೆಯಿಲ್ಲ. 3 ಬಾರ್‌ಗೆ 0.03 ಬ್ರಿಕ್ಸ್ ಏರಿದ್ರೆ ಯಂತ್ರ ಸರಿಯಿದೆ. ಇಳಿದ್ರೆ, ಅಥವಾ ಏರಿಸೋವಾಗ ಒಂದು ಅಂಕಿ ಇಳಿಸೋವಾಗ ಇನ್ನೊಂದು ಬಂದ್ರೆ, ಪ್ರಿಸಂ ಕೂರಿಸಿದ ರೀತಿಯೇ ತಪ್ಪು.

ಜೇನ್ಗೂಡು_ಮೂಡಿಗೆರೆ
ಸ್ವಲ್ಪ ವಿಷಯ ಬಿಟ್ಟು ಕೇಳ್ತೀನಿ, ಕ್ಷಮಿಸಿ ಮಾರಾಯ್ರೇ. ತುಡುವೆ ಜೇನಿನ ತೇವಾಂಶ ನೋಡೋಕೂ ಇದೇ ಮೀಟರ್ ತಾನೇ? ಎಟಿಸಿ ಇದ್ರೆ ಬೇಸಿಗೆಯಲ್ಲಿ ತಿದ್ದುಪಡಿ ಹಾಕೋ ಅಗತ್ಯ ಇಲ್ಲ ಅಂತ ಮಾರುವವರು ಹೇಳ್ತಾರೆ.

ಪ್ರಿಸಂ_ಪಾಠ
ಜೇನು ವಿಷಯ ಬಿಟ್ಟದ್ದೇನಲ್ಲ, ಇದೇ ಪ್ರಶ್ನೆಯ ಇನ್ನೊಂದು ಮುಖ. ಒಂದೊಂದು ದ್ರವಕ್ಕೂ ತಾಪದ ಗುಣಾಂಕ ಬೇರೆ. 1 ಡಿಗ್ರಿ ಏರಿದ್ರೆ ಸೂಚ್ಯಂಕ ಎಷ್ಟು ಇಳಿಯುತ್ತೆ ಅಂತ ನೋಡಿ: ನೀರು ಸುಮಾರು 0.0001, 20 ಬ್ರಿಕ್ಸ್ ಸಕ್ಕರೆ ನೀರು 0.00012, ಜೇನು 0.00023, ಅಡುಗೆ ಎಣ್ಣೆ 0.00038, ಆಲ್ಕೋಹಾಲ್ 0.0004. ಬೈಮೆಟಲ್ ಪಟ್ಟಿ ಇದರಲ್ಲಿ ಯಾವುದೋ ಒಂದಕ್ಕೆ ಮಾತ್ರ ಹೊಂದಿಸಿರ್ತಾರೆ. ತೆಳು ಸಕ್ಕರೆ ನೀರಿಗೆ ಹೊಂದಿಸಿದ ಎಟಿಸಿ ಜೇನಿಗೆ ಅರ್ಧ ಕೆಲಸವನ್ನಷ್ಟೇ ಮಾಡುತ್ತೆ. ಜೇನಿಗೆ ಅಂತಲೇ ಮಾಡಿದ ಸ್ಕೇಲ್ ಇರೋದನ್ನ ತಗೊಳ್ಳಿ.

ಎಟಿಸಿ ಇಲ್ಲದ ಆಬೆ ಮೀಟರ್ (ಸೂಚ್ಯಂಕವನ್ನೇ ನೇರ ತೋರಿಸೋ ಲ್ಯಾಬ್ ಮೀಟರ್) ಆದ್ರೆ ಲೆಕ್ಕ ಸುಲಭ. 20 ಡಿಗ್ರಿಯಲ್ಲಿ 1.4940 ಅಂದ್ರೆ 17% ತೇವ, 1.4915 ಅಂದ್ರೆ 18, 1.4890 ಅಂದ್ರೆ 19. ಈಗ 30 ಡಿಗ್ರಿಯಲ್ಲಿ 1.4890 ಬಂತು ಅನ್ಕೊಳ್ಳಿ. ತಿದ್ದದೇ ಓದಿದ್ರೆ 19%. ಪ್ರತಿ ಡಿಗ್ರಿಗೆ 0.00023 ಸೇರಿಸಿದ್ರೆ 1.4913, ಅಂದ್ರೆ 18% ಚಿಲ್ಲರೆ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಮಿತಿ 20%. ಮಲೆನಾಡಿನ ಜೇನು ಮೊದಲೇ ಆ ಗೆರೆಯ ಹತ್ತಿರ ಇರುತ್ತೆ, ಹೀಗಿರೋವಾಗ ಒಂದು ಶೇಕಡಾ ತಪ್ಪು ಓದಿ ಒಳ್ಳೆ ಜೇನನ್ನ ವಾಪಸ್ ಕಳಿಸೋದು ಅನ್ಯಾಯ.

ಜೇನ್ಗೂಡು_ಮೂಡಿಗೆರೆ
ಹರಳುಗಟ್ಟಿದ ಜೇನಿಗೆ?

ಪ್ರಿಸಂ_ಪಾಠ
ಮುಚ್ಚಳ ಬಿಗಿಯಾದ ಬಾಟಲಿಯಲ್ಲಿಟ್ಟು 50 ಡಿಗ್ರಿ ನೀರಿನಲ್ಲಿ ಪೂರ್ತಿ ಕರಗಿಸಿ, ಮುಚ್ಚಿದ ಹಾಗೇ ಆರಿಸಿ, ಮುಚ್ಚಳದ ಒಳಗೆ ಕೂತ ಹನಿಯನ್ನೂ ಬೆರೆಸಿ, ಆಮೇಲೆ ನೋಡಿ. ತೆರೆದಿಟ್ಟು ಕಾಯಿಸಿದ್ರೆ ತೇವ ಹಾರಿಹೋಗುತ್ತೆ. ಇನ್ನೊಂದು ಮಾತು: ಜೇನು ಮೀಟರನ್ನ ಆಲಿವ್ ಎಣ್ಣೆ ಹಾಕಿ ಸರಿಮಾಡೋ ರೂಢಿ ಇದೆ. ಎಣ್ಣೆಯ ಗುಣಾಂಕ ಜೇನಿಗಿಂತ ಹೆಚ್ಚು, ಹಾಗಾಗಿ 20 ಡಿಗ್ರಿ ಹತ್ತಿರ ಇದ್ದಾಗ ಮಾತ್ರ ಹಾಗೆ ಮಾಡಿ. ಮೀಟರ್ ಜೊತೆ ಬರೋ ಗಾಜಿನ ತುಂಡೇ ಮೇಲು.

ಡಿಕಾಕ್ಷನ್_ಮನೆ
ಚಿಕ್ಕಮಗಳೂರಿನಲ್ಲಿ ಇದನ್ನ ಓದಿ ಕಾಫಿ ವಿಷಯ ಎತ್ತದೇ ಇರೋಕಾಗುತ್ತಾ! ಕಾಫಿಯಲ್ಲಿ ಕರಗಿದ ಅಂಶ 1.15ರಿಂದ 1.45% ಒಳಗಿರ್ಬೇಕು ಅಂತಾರೆ, ಅಂದ್ರೆ ಇಡೀ ಕಿಟಕಿಯೇ 0.3. ತಾಪ 1 ಡಿಗ್ರಿ ತಪ್ಪಿದ್ರೆ 0.07 ಬ್ರಿಕ್ಸ್, ಅಂದ್ರೆ ಕಿಟಕಿಯ ಕಾಲುಭಾಗದಷ್ಟು ಹೋಯ್ತು. ಆದ್ರೂ ಬಿಸಿ ಕಾಫಿಯನ್ನೇ ಹನಿ ಹಾಕಿ ಓದ್ತಾರೆ.

ಸರಿಯಾದ ಕ್ರಮ: ಒಂದು ಚಮಚ ಕಾಫಿಯನ್ನ ಸ್ಟೀಲ್ ಲೋಟಕ್ಕೆ ತೆಗೆದು ಮುಚ್ಚಿಟ್ಟು ಕೋಣೆಯ ತಾಪಕ್ಕೆ ಬರಲಿ. ಅದೇ ಕೋಣೆಯಲ್ಲಿಟ್ಟ ಡಿಸ್ಟಿಲ್ಡ್ ನೀರಿಗೆ ಸೊನ್ನೆ ಮಾಡಿ. ಪ್ರಿಸಂ ಬಟ್ಟೆಯಿಂದ ಒರೆಸಿ ಒಣಗಿಸಿ. ಹನಿ ಹಾಕಿ ಮುಚ್ಚಿ 30 ಸೆಕೆಂಡ್ ಬಿಟ್ಟು ಓದಿ. ತುಂಬಾ ಹೊತ್ತು ಬಿಟ್ರೆ ಆವಿಯಾಗಿ ರೀಡಿಂಗ್ ಏರೋಕೆ ಶುರು. ಗಟ್ಟಿ ಡಿಕಾಕ್ಷನ್ ಆದ್ರೆ ಸಿರಿಂಜ್ ಫಿಲ್ಟರ್‌ನಲ್ಲಿ ಸೋಸಿ, ಎಣ್ಣೆ, ಪುಡಿ ಇದ್ರೆ ಅಂಚು ಮಸುಕು. ಸಕ್ಕರೆ ಬ್ರಿಕ್ಸ್ ಮೀಟರ್ ಇದ್ರೆ ಬಂದದ್ದನ್ನ 0.85ರಿಂದ ಗುಣಿಸಿ, ಅಂದಾಜಿಗೆ ಸಾಕು.

ಬೆಟ್ಟದ_ಗಾಳಿ
ಚಿಕೋರಿ ಹಾಕಿದ ಪುಡಿಗೂ 0.85 ನಡೆಯುತ್ತಾ?

ಡಿಕಾಕ್ಷನ್_ಮನೆ
ಇಲ್ಲ. ಚಿಕೋರಿಯಲ್ಲಿ ಕರಗೋದು ಬೇರೆ ಪದಾರ್ಥ, ಪ್ರಮಾಣವೂ ಹೆಚ್ಚು. ನಿಮ್ಮ ಪುಡಿಗೆ ನೀವೇ ಅಂಶ ಕಂಡುಕೊಳ್ಳಿ: ಸೋಸಿದ ಡಿಕಾಕ್ಷನ್ ತೂಗಿ, 105 ಡಿಗ್ರಿ ಓವನ್‌ನಲ್ಲಿ ತೂಕ ನಿಲ್ಲೋವರೆಗೆ ಒಣಗಿಸಿ, ಉಳಿದ ತೂಕದ ಶೇಕಡಾವನ್ನ ಬ್ರಿಕ್ಸ್‌ನಿಂದ ಭಾಗಿಸಿ. ತಾಪದ ತಿದ್ದುಪಡಿ ಮಾತ್ರ ಹೆಚ್ಚು ಬದಲಾಗಲ್ಲ, ಯಾಕಂದ್ರೆ ಇಷ್ಟು ತೆಳುವಿನಲ್ಲಿ ನಡೆಯೋದು ನೀರಿನ ಗುಣಾಂಕವೇ.

ಸರ್ವೆ_ಕಡೂರು
"ಒತ್ತಡ ಲೆಕ್ಕಕ್ಕಿಲ್ಲ" ಅಂತ ಎಲ್ಲರೂ ತಲೆ ಆಡಿಸ್ತಿರೋದು ನೋಡಿ ಬರೀತಿದ್ದೀನಿ. ದ್ರವದಲ್ಲಿ ನಿಜ. ಗಾಳಿಯಲ್ಲಿ ಒತ್ತಡವೇ ಎಲ್ಲ. ಸರ್ವೆಯವರ ಟೋಟಲ್ ಸ್ಟೇಷನ್ ಯಂತ್ರ ದೂರ ಅಳೆಯೋದು ಬೆಳಕಿನಿಂದ, ಬೆಳಕಿನ ವೇಗ ನಿರ್ಧಾರ ಆಗೋದು ಗಾಳಿಯ ಸೂಚ್ಯಂಕದಿಂದ. ಸಮುದ್ರಮಟ್ಟದ ಲೆಕ್ಕದಲ್ಲಿ 1 ಡಿಗ್ರಿ ಏರಿದ್ರೆ ಆ ಸೂಚ್ಯಂಕ ಸುಮಾರು 0.93 ಪಿಪಿಎಂ (ಪಿಪಿಎಂ ಅಂದ್ರೆ ಹತ್ತು ಲಕ್ಷದಲ್ಲಿ ಒಂದು ಪಾಲು) ಇಳಿಯುತ್ತೆ, 1 ಹೆಕ್ಟೋಪಾಸ್ಕಲ್ ಏರಿದ್ರೆ 0.27 ಪಿಪಿಎಂ ಏರುತ್ತೆ.

ಬಹಳ ಯಂತ್ರಗಳ ಕೈಪಿಡಿಯಲ್ಲಿ ಇಂಥ ಸೂತ್ರ ಇರುತ್ತೆ:
ದೂರದ ತಿದ್ದುಪಡಿ (ಪಿಪಿಎಂ) = 279.85 − 79.585 × ಒತ್ತಡ ÷ (273.15 + ತಾಪ)
15 ಡಿಗ್ರಿ, 1013 ಹೆಕ್ಟೋಪಾಸ್ಕಲ್‌ನಲ್ಲಿ ಇದು ಸೊನ್ನೆ. ಬೇರೆ ಕಂಪನಿಯ ಯಂತ್ರದ ಆಧಾರ ತಾಪ ಬೇರೆ ಇರ್ಬಹುದು, ನಿಮ್ಮ ಕೈಪಿಡಿ ನೋಡ್ಕೊಳ್ಳಿ. ಚಿಕ್ಕಮಗಳೂರು ಪೇಟೆಯಲ್ಲಿ ನಿಜವಾದ ಒತ್ತಡ ಸುಮಾರು 890. ತಾಪ 27 ಇದ್ರೆ ತಿದ್ದುಪಡಿ +44 ಪಿಪಿಎಂ, ಕಿಲೋಮೀಟರಿಗೆ 44 ಮಿ.ಮೀ. ಮುಳ್ಳಯ್ಯನಗಿರಿ ತುದಿಯಲ್ಲಿ, 1,930 ಮೀಟರ್ ಎತ್ತರದಲ್ಲಿ, ಒತ್ತಡ 810ರ ಆಸುಪಾಸು. 20 ಡಿಗ್ರಿಗೆ +60.

ಎಲ್ಲಕ್ಕಿಂತ ದೊಡ್ಡ ತಪ್ಪು: ಮೊಬೈಲ್ ಹವಾಮಾನ ಆ್ಯಪ್ ನೋಡಿ 1012 ಅಂತ ಹಾಕೋದು. ಅದು ಸಮುದ್ರಮಟ್ಟಕ್ಕೆ ಇಳಿಸಿದ ಒತ್ತಡ, ನಿಂತ ಜಾಗದ್ದಲ್ಲ. ಹಾಗೆ ಹಾಕಿದ್ರೆ +44 ಹೋಗಿ +11.5 ಆಗುತ್ತೆ. ಕಿಲೋಮೀಟರಿಗೆ 32 ಮಿ.ಮೀ. ಅಲ್ಲೇ ಹೋಯ್ತು. ಯಂತ್ರದ ಪಕ್ಕದಲ್ಲಿ ಸಣ್ಣ ಬ್ಯಾರೋಮೀಟರ್ ಇಟ್ಕೊಳ್ಳಿ. ಬಿಎಂಪಿ280 ತರಹದ ಚಿಪ್ 1 ಹೆಕ್ಟೋಪಾಸ್ಕಲ್ ತಪ್ಪಿದ್ರೂ 0.27 ಪಿಪಿಎಂ ಅಷ್ಟೇ.

ತಾಪಮಾಪಿ
ಮಳೆಗಾಲದ ತೇವ?

ಸರ್ವೆ_ಕಡೂರು
ಕಮ್ಮಿ. 25 ಡಿಗ್ರಿಯಲ್ಲಿ ಗಾಳಿ ಪೂರ್ತಿ ಒದ್ದೆ ಇದ್ರೂ 1 ಪಿಪಿಎಂ ಚಿಲ್ಲರೆ. ಸರ್ವೆಗೆ ಬಿಡಬಹುದು. ಲೇಸರ್ ಇಂಟರ್‌ಫೆರೋಮೀಟರ್‌ನಲ್ಲಿ ಬಿಡೋ ಹಾಗಿಲ್ಲ. ಅಲ್ಲಿ ಗಾಳಿಯ ಸೂಚ್ಯಂಕಕ್ಕೆ 1996ರ ಸಿಡ್ಡೋರ್ ಸಮೀಕರಣ ಹಾಕಿ ತಾಪ, ಒತ್ತಡ, ತೇವ ಮೂರನ್ನೂ ಕೊಡ್ತಾರೆ.

ನಾರಿನ_ಬೆಳಕು
ಹಾಸನದಲ್ಲಿ ಇಂಜಿನಿಯರಿಂಗ್ ಪ್ರಾಜೆಕ್ಟ್‌ಗೆ ಫೈಬರ್ ಗ್ರೇಟಿಂಗ್‌ನಿಂದ ಸೂಚ್ಯಂಕ ಅಳೀತಿದ್ದೀವಿ. ಅಂದ್ರೆ ಗಾಜಿನ ಎಳೆಯಲ್ಲಿ ಬರೆದ ಗೆರೆಗಳು, ತಾಪ ಅಥವಾ ಸೂಚ್ಯಂಕ ಬದಲಾದ್ರೆ ಅವು ಆರಿಸೋ ಬೆಳಕಿನ ತರಂಗಾಂತರ ಸರಿಯುತ್ತೆ. ಲಾಂಗ್ ಪೀರಿಯಡ್ ಗ್ರೇಟಿಂಗ್ ಒಂದು, ತಾಪಕ್ಕೆ ಅಂತ ಪಕ್ಕದಲ್ಲಿ ಬ್ರ್ಯಾಗ್ ಗ್ರೇಟಿಂಗ್ ಒಂದು. ಎರಡು ತರಂಗಾಂತರದಿಂದ ಎರಡು ಅಜ್ಞಾತ ಬಿಡಿಸೋ ಮ್ಯಾಟ್ರಿಕ್ಸ್ ವಿಧಾನ. ಪುಸ್ತಕದಲ್ಲಿ ಚೆನ್ನಾಗಿದೆ, ಆದ್ರೆ ಫಲಿತಾಂಶ ಕುಣಿಯುತ್ತೆ. ಯಾಕೆ ಸರ್?

ಪ್ರಿಸಂ_ಪಾಠ
ಅಂಕಿ ಹಾಕಿದ್ರೆ ಗೊತ್ತಾಗುತ್ತೆ. ಬ್ರ್ಯಾಗ್ ಗ್ರೇಟಿಂಗ್ 1550 ನ್ಯಾನೋಮೀಟರ್‌ನಲ್ಲಿ ಡಿಗ್ರಿಗೆ ಸುಮಾರು 10 ಪಿಕೋಮೀಟರ್ ಸರಿಯುತ್ತೆ. ನಿಮ್ಮ ಲಾಂಗ್ ಪೀರಿಯಡ್ ಗ್ರೇಟಿಂಗ್ ಡಿಗ್ರಿಗೆ 60, ಸೂಚ್ಯಂಕದ ಒಂದು ಘಟಕಕ್ಕೆ 30 ನ್ಯಾನೋಮೀಟರ್ ಅಂತ ಇಟ್ಕೊಳ್ಳೋಣ (ನೀರಿನ ಹತ್ತಿರ ಅದರ ಸಂವೇದನೆ ಕಮ್ಮಿಯೇ, ಗಾಜಿನ 1.45ಕ್ಕೆ ಹತ್ತಿರ ಹೋದಂತೆ ಏರುತ್ತೆ). ಬ್ರ್ಯಾಗ್ ಓದೋದರಲ್ಲಿ 5 ಪಿಕೋಮೀಟರ್ ಗದ್ದಲ ಇದ್ರೆ ತಾಪ ಅರ್ಧ ಡಿಗ್ರಿ ತಪ್ಪಿತು. ಅದನ್ನ 60ರಿಂದ ಗುಣಿಸಿದ್ರೆ 30 ಪಿಕೋಮೀಟರ್. 30 ನ್ಯಾನೋಮೀಟರ್‌ನಿಂದ ಭಾಗಿಸಿದ್ರೆ ಸೂಚ್ಯಂಕದಲ್ಲಿ 0.001, ಬ್ರಿಕ್ಸ್‌ನಲ್ಲಿ 0.7! ಮ್ಯಾಟ್ರಿಕ್ಸ್ ತಪ್ಪು ಮಾಡ್ತಿಲ್ಲ, ಗದ್ದಲವನ್ನ ದೊಡ್ಡದು ಮಾಡ್ತಿದೆ.

ದಾರಿ ಏನಂದ್ರೆ: ತಾಪಕ್ಕೆ ಬ್ರ್ಯಾಗ್ ಬಿಟ್ಟು ಒಳ್ಳೆ ಪಿಟಿ1000 (ಪ್ಲಾಟಿನಂ ತಾಪ ಸೆನ್ಸರ್) ಹಾಕಿ 0.05 ಡಿಗ್ರಿವರೆಗೆ ಓದಿ, ಇಲ್ಲಾ ನೂರಾರು ಸ್ಕ್ಯಾನ್ ಸರಾಸರಿ ಮಾಡಿ, ಇಲ್ಲಾ ಇಡೀ ಸೆಲ್ ಅನ್ನ ಪೆಲ್ಟಿಯರ್ (ವಿದ್ಯುತ್ತಿನಿಂದ ಕಾಯಿಸೋ, ತಣಿಸೋ ತಟ್ಟೆ) ಮೇಲಿಟ್ಟು ತಾಪವನ್ನೇ ಕಟ್ಟಿಹಾಕಿ. ಮೂರನೇದೇ ನನ್ನ ಆಯ್ಕೆ. ಇರೋ ತಾಪವನ್ನ ಲೆಕ್ಕದಲ್ಲಿ ತೆಗೆಯೋದಕ್ಕಿಂತ ತಾಪವೇ ಬದಲಾಗದ ಹಾಗೆ ಮಾಡೋದು ಯಾವಾಗಲೂ ಗಟ್ಟಿ.

ಬ್ರ್ಯಾಗ್ ಗ್ರೇಟಿಂಗ್ ಎಳೆತಕ್ಕೂ ಸರಿಯುತ್ತೆ, ಮೈಕ್ರೋಸ್ಟ್ರೇನ್‌ಗೆ 1.2 ಪಿಕೋಮೀಟರ್. ಎರಡೂ ತುದಿ ಅಂಟಿಸಿದ್ರೆ ಅದು ತಾಪಮಾಪಿ ಆಗಿ ಉಳಿಯಲ್ಲ. ಒಂದು ತುದಿ ಬಿಟ್ಟಿರಿ. ಒತ್ತಡಕ್ಕೆ ಹೆದರಬೇಡಿ, 10 ಬಾರ್‌ಗೆ 3 ಪಿಕೋಮೀಟರ್ ಆಸುಪಾಸು ಅಷ್ಟೇ.

ನಾರಿನ_ಬೆಳಕು
ಗ್ರೇಟಿಂಗ್‌ನ 60 ಪಿಕೋಮೀಟರ್ ನೀರಿನಲ್ಲಿ ಮುಳುಗಿಸಿ ಕಾಯಿಸಿ ಕಂಡುಹಿಡಿದದ್ದು. ಸರಿ ತಾನೇ?

ಪ್ರಿಸಂ_ಪಾಠ
ಇಲ್ಲೇ ಎಲ್ಲರೂ ಎಡವೋದು, @ಗಾಣದ_ಹಾಲು ನೀವೂ ಗಮನಿಸಿ. ತಾಪದ ತಿದ್ದುಪಡಿ ಅಂದ್ರೆ ಒಂದಲ್ಲ, ಎರಡು. ಒಂದು ಯಂತ್ರದ್ದು: ಗಾಜು, ಲೋಹ, ಎಲ್‌ಇಡಿ ಕಾದು ಅಂಚು ಸರಿಯೋದು. ಇನ್ನೊಂದು ದ್ರವದ್ದು: ಹಾಲಿನ ಸೂಚ್ಯಂಕ ನಿಜವಾಗಿಯೇ ಇಳಿಯೋದು. ಮೊದಲನೇದನ್ನ ತೆಗೆದ್ರೆ ಸಿಗೋದು "ಈಗಿನ ತಾಪದಲ್ಲಿ ನಿಜವಾದ ಸೂಚ್ಯಂಕ". ಅದನ್ನ 20 ಡಿಗ್ರಿಗೆ ತಂದ್ರೆ ಮಾತ್ರ ಬ್ರಿಕ್ಸ್.

ನೀರಿನಲ್ಲಿ ಮುಳುಗಿಸಿ ಕಾಯಿಸಿದಾಗ ನಿಮ್ಮ 60ರೊಳಗೆ ನೀರಿನ ಇಳಿಕೆಯೂ ಸೇರಿಕೊಂಡಿದೆ (0.0001 × 30 ನ್ಯಾನೋಮೀಟರ್ = 3 ಪಿಕೋಮೀಟರ್). ಆಮೇಲೆ ಮತ್ತೆ 20 ಡಿಗ್ರಿಗೆ ತಿದ್ದಿದ್ರೆ ಒಂದೇ ತಿದ್ದುಪಡಿ ಎರಡು ಸಲ ಬಿತ್ತು. ನಿಮ್ಮ ಗ್ರೇಟಿಂಗ್‌ನಲ್ಲಿ ಇದು ಸಣ್ಣದು. ಪ್ರಿಸಂ ಸೆನ್ಸರ್‌ನಲ್ಲಿ ಉಲ್ಟಾ: ಸಫೈರ್ ಡಿಗ್ರಿಗೆ 0.000013 ಅಷ್ಟೇ, ಎಲ್‌ಇಡಿ ಡಿಗ್ರಿಗೆ 0.1 ನ್ಯಾನೋಮೀಟರ್ ಸರಿದ್ರೆ ಅದರಿಂದ 0.000003, ದ್ರವದ್ದು 0.00012. ದೊಡ್ಡ ಪಾಲು ದ್ರವದ್ದೇ, ಅದನ್ನ ಎರಡು ಸಲ ಹಾಕಿದ್ರೆ ಮಧ್ಯಾಹ್ನ ಹತ್ತಿರ ಹತ್ತಿರ ಒಂದು ಇಡೀ ಬ್ರಿಕ್ಸ್ ತಪ್ಪುತ್ತೆ.

ಬೆಟ್ಟದ_ಗಾಳಿ
ಹಾಗಾದ್ರೆ ಪಕ್ಕದಲ್ಲಿ ಡಿಸ್ಟಿಲ್ಡ್ ನೀರು ತುಂಬಿ ಸೀಲ್ ಮಾಡಿದ ಇನ್ನೊಂದು ಪ್ರಿಸಂ ಇಟ್ಟು ಎರಡರ ವ್ಯತ್ಯಾಸ ತಗೊಂಡ್ರೆ ಯಾವ ಲೆಕ್ಕವೂ ಬೇಡವಲ್ಲ?

ಪ್ರಿಸಂ_ಪಾಠ
ಯಂತ್ರದ ಪಾಲು ಹೋಗುತ್ತೆ, ನೀರಿನ ಪಾಲು ಹೋಗುತ್ತೆ. ಹಾಲಿನ ಗುಣಾಂಕ ನೀರಿಗಿಂತ ಸುಮಾರು 0.00002 ಹೆಚ್ಚು, ಆ ಪಾಲು ಉಳಿಯುತ್ತೆ. 10 ಡಿಗ್ರಿಗೆ 0.0002, ಬ್ರಿಕ್ಸ್‌ನಲ್ಲಿ 0.1ಕ್ಕಿಂತ ಸ್ವಲ್ಪ ಮೇಲೆ. ಬೆಲ್ಲಕ್ಕೆ ಸಾಕು. ಆದ್ರೆ ಮುಚ್ಚಿದ ನೀರು ಹಾಲಿಗಿಂತ ನಿಧಾನ ಕಾಯುತ್ತೆ. ಹೊಸ ಹಾಲು ಬಂದ ಮೊದಲ ಕೆಲವು ನಿಮಿಷ ಎರಡರ ತಾಪ ಬೇರೆ ಇರುತ್ತೆ, ಆಗಿನ ವ್ಯತ್ಯಾಸ ನಂಬಬಾರದು.

ಗಾಣದ_ಹಾಲು
ಕೈಪಂಪ್ ಪರೀಕ್ಷೆ ಮಾಡಿದ್ವಿ. ಹರಿವಿಲ್ಲದ ನೀರಿನಲ್ಲೇ 2.5 ಬಾರ್‌ಗೆ 0.35 ಇಳಿಯಿತು. ಇಳಿಸೋವಾಗ 1 ಬಾರ್‌ನ ಅಂಕಿ ಏರಿಸೋವಾಗಿನದ್ದಕ್ಕಿಂತ 0.1 ಕೆಳಗೆ. @ಓರಿಂಗ್_ಹಾಸನ ಅಣ್ಣ, ಹೇಳಿದ ಹಾಗೇ ಬಂದಿದೆ. ಪ್ರಿಸಂ ಬೆನ್ನಿಗೆ 2 ಮಿ.ಮೀ. ನೈಟ್ರೈಲ್ ಓ-ರಿಂಗ್ ಇದೆ. ಇದನ್ನ ಸಾಫ್ಟ್‌ವೇರ್‌ನಲ್ಲೇ ಸರಿ ಮಾಡ್ಬಹುದಾ?

ಓರಿಂಗ್_ಹಾಸನ
ಬೇಡ ಕಣ್ರೀ. ಏರುವಾಗ ಒಂದು, ಇಳಿಯುವಾಗ ಒಂದು ಇರೋದಕ್ಕೆ ಸೂತ್ರ ಕಟ್ಟಿದ್ರೆ ನಾಳೆ ರಬ್ಬರ್ ಗಟ್ಟಿಯಾದ ಮೇಲೆ ಆ ಸೂತ್ರವೂ ಸುಳ್ಳಾಗುತ್ತೆ. ಜೋಡಣೆ ಬದಲಿಸಿ.

ಪ್ರಿಸಂನ ಬೆನ್ನು ಸ್ಟೀಲ್ ಮೆಟ್ಟಿಲಿನ ಮೇಲೆ ನೇರವಾಗಿ ಕೂರ್ಬೇಕು, ಮಧ್ಯೆ ರಬ್ಬರ್ ಇರಬಾರದು. ಮೆಟ್ಟಿಲನ್ನ ಲ್ಯಾಪಿಂಗ್ ಮಾಡಿಸಿ (ನುಣುಪಾಗಿ ಉಜ್ಜಿ ಸಮತಟ್ಟು ಮಾಡಿಸಿ), ಒಂದು ಕಣ ಧೂಳೂ ಇರಬಾರದು, ಇಲ್ಲಾಂದ್ರೆ ಸಫೈರ್ ಸೀಳುತ್ತೆ. ಸೀಲ್‌ಗೆ ಓ-ರಿಂಗ್ ಪ್ರಿಸಂನ ಸುತ್ತಲಿನ ಮಗ್ಗುಲಲ್ಲಿ ಬರಲಿ, ಆಗ ಒತ್ತಡ ಬಂದಷ್ಟೂ ಪ್ರಿಸಂ ಲೋಹಕ್ಕೇ ಒತ್ತಿಕೊಳ್ಳುತ್ತೆ. ನೈಟ್ರೈಲ್ ಬಿಟ್ಟು ಆಹಾರಕ್ಕೆ ಒಗ್ಗುವ ಇಪಿಡಿಎಂ ಹಾಕಿ, ಬಿಸಿನೀರಿನ ತೊಳೆತಕ್ಕೆ ಅದು ತಾಳುತ್ತೆ. ಮುಖ್ಯವಾಗಿ, ಸಿಸಿಡಿ ಮತ್ತು ಎಲ್‌ಇಡಿ ಪ್ರಿಸಂ ಕೂತ ಅದೇ ಸ್ಟೀಲ್ ತುಂಡಿಗೆ ಸ್ಕ್ರೂ ಆಗಲಿ. ಸಿಸಿಡಿಯನ್ನ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ಕೂರಿಸಿದ್ರೆ ಬಿಸಿಲಿಗೆ ಮುಚ್ಚಳ ಉಬ್ಬಿದಾಗ ಅಂಚು ಮತ್ತೆ ಓಡಾಡುತ್ತೆ.

ತಾಪಮಾಪಿ
ಪ್ರಿಸಂ ಹೇಗೂ ಬಿಚ್ತೀರಲ್ಲ, ತಾಪದ ಕೆಲಸವನ್ನೂ ಆಗಲೇ ಮುಗಿಸಿ. ಡಿಎಸ್18ಬಿ20ಗೆ ±0.5 ಡಿಗ್ರಿ, ಅಂದ್ರೆ 0.04 ಬ್ರಿಕ್ಸ್, ಅದು ಪರವಾಗಿಲ್ಲ. ಸಮಸ್ಯೆ ಅದು ಇರೋ ಜಾಗದ್ದು. ಬೆಳಕು ತಿರುಗೋದು ಪ್ರಿಸಂ–ದ್ರವ ಕೂಡೋ ಮುಖದಲ್ಲಿ, ಕೆಲವೇ ಮೈಕ್ರಾನ್ ಪದರದಲ್ಲಿ. ಅಲ್ಲಿನ ತಾಪವೇ ಬೇಕು. ಪ್ರಿಸಂನ ಪಕ್ಕ 3 ಮಿ.ಮೀ. ತೂತು ಕೊರೆದು, ತುದಿ ಹಾಲಿನಿಂದ 1–2 ಮಿ.ಮೀ. ದೂರದಲ್ಲಿ ನಿಲ್ಲೋ ಹಾಗೆ ಪಿಟಿ100 ಇಳಿಸಿ, ಥರ್ಮಲ್ ಪೇಸ್ಟ್ ತುಂಬಿ. ಹೊರಗೆ ಪೈಪ್‌ಗೆ ಫೋಮ್ ಸುತ್ತಿ ಅದರ ಮೇಲೆ ಅಲ್ಯೂಮಿನಿಯಂ ಹಾಳೆ.

ಎರಡು ತಂತಿಯ ಪಿಟಿ100 ಮಾತ್ರ ಬೇಡ. ಡಿಗ್ರಿಗೆ 0.385 ಓಮ್ ಅಷ್ಟೇ ಬದಲಾಗೋದು, ತಂತಿಯಲ್ಲೇ 1 ಓಮ್ ಇದ್ರೆ 2.6 ಡಿಗ್ರಿ ಹೆಚ್ಚು ತೋರಿಸುತ್ತೆ. ಮೂರು ಅಥವಾ ನಾಲ್ಕು ತಂತಿ, ಅದನ್ನ ಓದೋಕೆ ಮ್ಯಾಕ್ಸ್31865 ಬೋರ್ಡ್.

ಗಾಣದ_ಹಾಲು
ಪಿಟಿ100 ಸರಿಯಿದೆಯಾ ಅಂತ ನೋಡೋಕೆ ಐಸ್‌ಗೆ 0, ಕುದಿಯೋ ನೀರಿಗೆ 100 ಅಂತ ಹೊಂದಿಸಿದ್ರೆ ಸಾಕಲ್ವಾ?

ಸರ್ವೆ_ಕಡೂರು
100 ಅಲ್ಲ! ಇಲ್ಲೇ ಒತ್ತಡ ಹಿಂಬಾಗಿಲಿಂದ ಬರೋದು. ಹಾಸನದ ಎತ್ತರದಲ್ಲಿ ಒತ್ತಡ ಸುಮಾರು 905 ಹೆಕ್ಟೋಪಾಸ್ಕಲ್, ನೀರು 97ಕ್ಕೂ ಸ್ವಲ್ಪ ಕಮ್ಮಿಯಲ್ಲೇ ಕುದಿಯುತ್ತೆ. ಚಿಕ್ಕಮಗಳೂರಲ್ಲಿ 96.5 ಆಸುಪಾಸು. ಅದನ್ನ 100 ಅಂತ ಹೊಂದಿಸಿದ್ರೆ 30 ಡಿಗ್ರಿಯಲ್ಲಿ ನಿಮ್ಮದು 31 ಓದುತ್ತೆ, 0.08 ಬ್ರಿಕ್ಸ್ ಅಲ್ಲೇ ತಪ್ಪು. ಬ್ಯಾರೋಮೀಟರ್ ಓದಿ, ಆ ಒತ್ತಡಕ್ಕೆ ಕುದಿಯೋ ಬಿಂದು ಕೋಷ್ಟಕದಲ್ಲಿ ನೋಡಿ ಹೊಂದಿಸಿ.

ಕೊಪ್ಪರಿಗೆಯಲ್ಲಿ ಪಾಕದ ಹದವನ್ನ ಥರ್ಮಾಮೀಟರ್‌ನಿಂದ ನೋಡೋರಿಗೂ ಇದೇ ಮಾತು. ಪುಸ್ತಕದಲ್ಲಿ 118 ಅಂತ ಬರೆದಿರೋದು ಸಮುದ್ರಮಟ್ಟದ್ದಾದ್ರೆ ಇಲ್ಲಿ ಮೂರು ಡಿಗ್ರಿ ಮುಂಚೆಯೇ ಇಳಿಸ್ಬೇಕು. 118ಕ್ಕೆ ಕಾದ್ರೆ ಹದ ಮೀರಿ ಬೆಲ್ಲ ಕಪ್ಪಾಗುತ್ತೆ.

ಬೆಟ್ಟದ_ಗಾಳಿ
ಆಲೆಮನೆಯ ಅನುಭವಸ್ಥರು ತಣ್ಣೀರಿಗೆ ಪಾಕದ ಹನಿ ಬಿಟ್ಟು ಉಂಡೆ ಕಟ್ಟಿ ನೋಡ್ತಾರೆ, ಅದಕ್ಕೆ ಎತ್ತರದ ತಿದ್ದುಪಡಿ ಬೇಡವೇ ಬೇಡ.

ಪ್ರಿಸಂ_ಪಾಠ
ನಿಜ, ಆ ಪರೀಕ್ಷೆ ನೋಡೋದು ಪಾಕದ ಗಟ್ಟಿತನವನ್ನೇ, ಕುದಿಯೋ ತಾಪವನ್ನಲ್ಲ.

@ಗಾಣದ_ಹಾಲು ಜೋಡಣೆ ಆದ ಮೇಲೆ ಕ್ಯಾಲಿಬ್ರೇಷನ್ ಹೊಸದಾಗಿ ಮಾಡ್ಬೇಕು, ಹಳೇ ಅಂಕಿ ಉಪಯೋಗಕ್ಕಿಲ್ಲ. ಸಕ್ಕರೆ ನೀರು ತೂಕದಿಂದ ಮಾಡಿ, ಅಳತೆ ಜಾರಿನಿಂದ ಅಲ್ಲ: 10 ಬ್ರಿಕ್ಸ್‌ಗೆ 10 ಗ್ರಾಂ ಒಣ ಸಕ್ಕರೆ, 90 ಗ್ರಾಂ ಡಿಸ್ಟಿಲ್ಡ್ ನೀರು. 0, 10, 15, 20, 25 ಮಾಡಿ. ಒಂದೊಂದನ್ನೂ 15, 20, 25, 30, 35, 40 ಡಿಗ್ರಿಯಲ್ಲಿ ನೋಡಿ, ತಾಪ ಹತ್ತು ನಿಮಿಷ ನಿಂತ ಮೇಲೆ ಮಾತ್ರ ಬರ್ಕೊಳ್ಳಿ. ಪಾತ್ರೆ ಮುಚ್ಚಿರಲಿ, 40 ಡಿಗ್ರಿಯಲ್ಲಿ ತೆರೆದಿಟ್ರೆ ನೀರು ಆರಿ ಬ್ರಿಕ್ಸೇ ಏರುತ್ತೆ. ಮಾಡಿದ ದಿನವೇ ಬಳಸಿ.

ಆಮೇಲೆ ಪಿಕ್ಸೆಲ್, ತಾಪ ಎರಡನ್ನೂ ಹಾಕಿ ನೇರವಾಗಿ ಬ್ರಿಕ್ಸ್‌ಗೆ ಒಂದೇ ಸಮೀಕರಣ ಹೊಂದಿಸಿ: ಸ್ಥಿರಾಂಕ, ಪಿಕ್ಸೆಲ್, ಪಿಕ್ಸೆಲ್ ವರ್ಗ, (ತಾಪ − 20), (ತಾಪ − 20) ವರ್ಗ, ಮತ್ತು ಪಿಕ್ಸೆಲ್ × (ತಾಪ − 20). ಹೀಗೆ ಮಾಡಿದ್ರೆ ಯಂತ್ರದ ಪಾಲು, ದ್ರವದ ಪಾಲು ಎರಡೂ ಒಂದೇ ಸಲ ಒಳಗೆ ಬರುತ್ತೆ, ಎರಡು ಸಲ ತಿದ್ದೋ ಭಯವೇ ಇಲ್ಲ. ಬೇರೆ ಕೋಷ್ಟಕ ಮೇಲೆ ಹಾಕ್ಬೇಡಿ. ವರ್ಗದ ಪದ ಬಿಡಬೇಡಿ: 20 ಬ್ರಿಕ್ಸ್‌ಗೆ ಕೋಷ್ಟಕದ ತಿದ್ದುಪಡಿ 25 ಡಿಗ್ರಿಯಲ್ಲಿ ಸುಮಾರು 0.38, 30ರಲ್ಲಿ 0.78, 40ರಲ್ಲಿ 1.6. ನೇರ ಗೆರೆ ಅಲ್ಲ. ನಿಮ್ಮ ಅಂಕಿ ಇದರಿಂದ ತೀರಾ ದೂರ ಹೋದ್ರೆ ಪಿಟಿ100 ಕೂತ ಜಾಗ ಮತ್ತೆ ನೋಡಿ.

ಡಿಕಾಕ್ಷನ್_ಮನೆ
ಇದೇ ಸಮೀಕರಣವನ್ನ ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಪಲ್ಪರ್ ನಂತರದ ತೊಟ್ಟಿಗೆ ಹಾಕ್ಬಹುದಾ? ಕಾಫಿ ಲೋಳೆ ಹುಳಿಯೋದನ್ನ ಬ್ರಿಕ್ಸ್ ಇಳಿಕೆಯಿಂದ ಹಿಡಿಯೋ ಆಸೆ.

ಪ್ರಿಸಂ_ಪಾಠ
ದಿಕ್ಕು ಗೊತ್ತಾಗುತ್ತೆ, ಅಂಕಿ ನಂಬಬೇಡಿ. ಸಕ್ಕರೆ ಹೋಗಿ ಆಲ್ಕೋಹಾಲ್, ಆಮ್ಲ ಹುಟ್ಟುತ್ತೆ. ಆಲ್ಕೋಹಾಲ್ ಕೂಡ ನೀರಿನ ಸೂಚ್ಯಂಕವನ್ನ ಏರಿಸುತ್ತೆ, ಹಾಗಾಗಿ ಬ್ರಿಕ್ಸ್ ನಿಜವಾಗಿ ಇಳಿದಷ್ಟು ಇಳಿಯಲ್ಲ. ಹುಳಿಯೋವಾಗ ತೊಟ್ಟಿಯೇ ಬಿಸಿಯಾಗುತ್ತೆ ಬೇರೆ. ಪಿಎಚ್ ಮೀಟರ್ ಜೊತೆಗಿರಲಿ.

ಗಾಣದ_ಹಾಲು
ಕೊನೆಯದೊಂದು. ಪ್ರಿಸಂ ಮೇಲೆ ಮಡ್ಡಿ ಕೂತ್ರೆ ರೀಡಿಂಗ್ ಯಾವ ಕಡೆ ಹೋಗುತ್ತೆ? ತಾಪದ ತಪ್ಪಿನಿಂದ ಅದನ್ನ ಬೇರೆ ಮಾಡಿ ಗುರುತಿಸೋದು ಹೇಗೆ?

ಓರಿಂಗ್_ಹಾಸನ
ಮೇಲಕ್ಕೆ. ಒಣಗಿದ ಪದರದಲ್ಲಿ ಸಕ್ಕರೆ ಹೆಚ್ಚು, ಬೆಳಕು ನೋಡೋದು ಅದನ್ನೇ, ಹಿಂದೆ ಹರಿಯೋ ಹಾಲನ್ನಲ್ಲ. ತಾಪದ ತಪ್ಪು ಬಿಸಿಲಿನ ಜೊತೆ ಏರಿ ಸಂಜೆ ಇಳಿಯುತ್ತೆ, ಮಡ್ಡಿಯದ್ದು ಇಳಿಯಲ್ಲ, ಏರ್ತಾನೇ ಹೋಗುತ್ತೆ. ಸೆನ್ಸರ್ ಇರೋ ಜಾಗದಲ್ಲಿ ಪೈಪ್ ಕಿರಿದು ಮಾಡಿ ಹರಿವು ಸೆಕೆಂಡಿಗೆ 1.5 ಮೀಟರಿಗಿಂತ ಕೆಳಗೆ ಹೋಗದ ಹಾಗೆ ನೋಡ್ಕೊಳ್ಳಿ, ಪ್ರಿಸಂ ಮುಖ ಮೇಲೆ ಅಥವಾ ಕೆಳಗೆ ನೋಡದೆ ಪಕ್ಕಕ್ಕೆ ನೋಡಲಿ. ಪ್ರತಿ ಕೊಪ್ಪರಿಗೆ ತುಂಬಿದ ಮೇಲೆ ಬಿಸಿನೀರು ಬಿಟ್ಟು ತೊಳೆದು, ಆ ನೀರಿನ ರೀಡಿಂಗನ್ನೂ ಬರೆದಿಡಿ. ತಾಪ ತಿದ್ದಿದ ಮೇಲೆ ಅದು 0.0 ಬರ್ಬೇಕು. 0.2 ಬಂದ್ರೆ ಬಿಚ್ಚಿ ಒರೆಸಿ.